ಮಾರ್ಸ್-ಲಾ-ತೂರ್‌ನ ಕೊರಕಲು: ಪ್ರಷ್ಯದ 38ನೇ ಬ್ರಿಗೇಡಿನ ಕಥನ

1866ರ ಬೇಸಿಗೆ ಕಳೆಯುವಷ್ಟರಲ್ಲಿ ಹ್ಯಾನೋವರ್ ರಾಜ್ಯದ ಆಯುಸ್ಸು ತೀರಿತ್ತು. ಜೂನ್ 27ರಂದು ಲಾಂಗೆನ್‌ಸಾಲ್ಜಾದ ಬಯಲಿನಲ್ಲಿ ಹ್ಯಾನೋವರಿನ ಸೈನಿಕರು ಪ್ರಷ್ಯದ ದಂಡನ್ನು ಹಿಮ್ಮೆಟ್ಟಿಸಿದರು. ಆದರೆ ಗೆದ್ದ ಎರಡೇ ದಿನಕ್ಕೆ, ನಾಲ್ದೆಸೆಯಿಂದ ಕವಿದ ಪ್ರಷ್ಯದ ಸೇನೆಗೆ ಅವರೇ ಶರಣಾಗಬೇಕಾಯಿತು. ಕಣ್ಣು ಕಾಣದ ದೊರೆ ಐದನೇ ಜಾರ್ಜ್ ರಾಜ್ಯ ಕಳೆದುಕೊಂಡು ಆಸ್ಟ್ರಿಯದ ಆಶ್ರಯ ಸೇರಿದನು. ಪ್ರಷ್ಯದ ಪ್ರಧಾನಮಂತ್ರಿ ಬಿಸ್ಮಾರ್ಕ್ ಆ ಸೀಮೆಯನ್ನು ಪ್ರಷ್ಯಕ್ಕೆ ಸೇರಿಸಿಕೊಂಡು ಪ್ರಾಂತವನ್ನಾಗಿ ಮಾಡಿದನು.

ಗೆದ್ದ ನೆಲದಲ್ಲಿ ಗೆದ್ದವರ ದಂಡು ಬೀಡುಬಿಡುವುದು ರಾಜ್ಯಗಳ ಹಳೆಯ ಪದ್ಧತಿ. ಹ್ಯಾನೋವರನ್ನು ಕೇಂದ್ರವಾಗಿಟ್ಟುಕೊಂಡು 10ನೇ ಸೇನಾ ಕೋರ್ ಎಂಬ ಹೊಸ ದಂಡು ಹುಟ್ಟಿತು. ಅದರೊಳಗೆ 19ನೇ ಡಿವಿಷನ್, ಅದರೊಳಗೆ 38ನೇ ಪದಾತಿ ಬ್ರಿಗೇಡ್. ಹ್ಯಾನೋವರಿನ ಯುವಕರನ್ನು ಸೇರಿಸಿಕೊಂಡು ಕಟ್ಟಿದ 73 ಮತ್ತು 74ನೇ ರೆಜಿಮೆಂಟುಗಳು ಪಶ್ಚಿಮದ 7ನೇ ಕೋರಿಗೆ ಹೋದವು. ಅವುಗಳ ತವರಿಗೆ ವೆಸ್ಟ್‌ಫಾಲಿಯಾದ ರೆಜಿಮೆಂಟುಗಳು ಬಂದವು. 38ನೇ ಬ್ರಿಗೇಡಿನ ಪಾಲಿಗೆ ಬಂದವು 16ನೇ ಮತ್ತು 57ನೇ ರೆಜಿಮೆಂಟುಗಳು.

ಬ್ರಿಗೇಡ್ ಎಂದರೆ ಎರಡು ರೆಜಿಮೆಂಟುಗಳನ್ನು ಒಬ್ಬ ಮೇಜರ್ ಜನರಲ್ಲನ ಕೈಕೆಳಗೆ ಜೋಡಿಸಿದ ಏರ್ಪಾಡು. ಪೂರ್ಣ ಬಲವಿದ್ದರೆ ಆರು ಬೆಟಾಲಿಯನ್, ಬೆಟಾಲಿಯನ್ನಿಗೆ ನಾಲ್ಕು ಕಂಪನಿ, ಕಂಪನಿಗೆ ಸುಮಾರು 250 ಕಾಲಾಳುಗಳು. ಸೈನಿಕನ ಅಭಿಮಾನವೆಲ್ಲ ರೆಜಿಮೆಂಟಿನ ಮೇಲೆ. ಭುಜಪಟ್ಟಿಯ ಅಂಕಿ, ಧ್ವಜ, ಹಾಡು ಎಲ್ಲವೂ ಅದರವು. ಬ್ರಿಗೇಡಿಗೆ ಧ್ವಜವಿಲ್ಲ, ಹಾಡಿಲ್ಲ. ಅದು ದಫ್ತರದ ಒಂದು ಅಂಕಿ. ಹಾಗಿದ್ದೂ 38 ಎಂಬ ಅಂಕಿ ಜರ್ಮನಿಯ ಸೈನಿಕ ಶಾಲೆಗಳಲ್ಲಿ ಒಂದು ತಲೆಮಾರಿನುದ್ದಕ್ಕೂ ಚರ್ಚೆಯ ವಸ್ತುವಾಗಿ ಉಳಿಯಿತು. ಅದಕ್ಕೆ ಕಾರಣ ಒಂದು ಸಂಜೆಯ ಕಾಳಗ.

ಎರಡು ರೆಜಿಮೆಂಟುಗಳಲ್ಲಿ 16ನೆಯದು ಹಿರಿಯದು. ನೆಪೋಲಿಯನ್ನನ ವಿರುದ್ಧ ಜರ್ಮನರು ಎದ್ದ 1813ರಲ್ಲಿ ಕಟ್ಟಿದ್ದು. 57ನೆಯದು ಪ್ರಷ್ಯದ ಯುದ್ಧಸಚಿವ ರೋನ್ ಸೇನೆಯನ್ನು ಹೊಸದಾಗಿ ಕಟ್ಟುತ್ತಿದ್ದ 1860ರ ಕೂಸು. ಎರಡಕ್ಕೂ ಆಳುಗಳು ಬರುತ್ತಿದ್ದದ್ದು ವೆಸ್ಟ್‌ಫಾಲಿಯಾದ ರೈತಾಪಿ ಮನೆಗಳಿಂದ, ಕಲ್ಲಿದ್ದಲು ಮತ್ತು ಕಬ್ಬಿಣದ ಊರುಗಳಿಂದ. ಕಿರಿಯ ರೆಜಿಮೆಂಟು ಆರೇ ವರ್ಷಕ್ಕೆ ದೊಡ್ಡ ಹೆಸರು ಗಳಿಸಿತು. 1866ರ ಜುಲೈ 3ರಂದು ಬೊಹೆಮಿಯಾದ ಕ್ಯೋನಿಗ್ರೇಟ್ಸ್ ರಣರಂಗದ ಬಲತುದಿಯಲ್ಲಿ ಪ್ರೊಬ್ಲುಸ್ ಎಂಬ ಹಳ್ಳಿಯನ್ನು ಸಾಕ್ಸನಿಯ ಸೈನಿಕರು ಹಿಡಿದು ನಿಂತಿದ್ದರು. 57ನೇ ರೆಜಿಮೆಂಟು ಆಗ 28ನೇ ಬ್ರಿಗೇಡಿನಲ್ಲಿತ್ತು. ಮರೆಯೇ ಇಲ್ಲದ ಬಯಲನ್ನು ಅದು ಸಾಲುಗಟ್ಟಿ, ನಗಾರಿ ಬಾರಿಸುತ್ತ ದಾಟಿತು. ಆಳುಗಳು ಉರುಳಿದರು, ಸಾಲು ಮುರಿಯಲಿಲ್ಲ, ಊರು ಕೈವಶವಾಯಿತು. ಎದುರಿಗಿದ್ದವರ ಕೈಯಲ್ಲಿದ್ದದ್ದು ನಿಂತುಕೊಂಡು ಬಾಯಿಯಿಂದ ಮದ್ದು ತುಂಬಬೇಕಾದ ಕೋವಿ. ಪ್ರಷ್ಯದವರ ಕೈಯಲ್ಲಿದ್ದದ್ದು ಹಿಂಬದಿಯಿಂದ ತೋಟಾ ತುಂಬುವ, ಮಲಗಿಕೊಂಡೂ ಸಿಡಿಸಬಹುದಾದ ಡ್ರೈಸ ಸೂಜಿ ಕೋವಿ. ಆ ಗೆಲುವಿನಲ್ಲಿ ಕೋವಿಯ ಪಾಲೆಷ್ಟು, ಎದೆಗಾರಿಕೆಯ ಪಾಲೆಷ್ಟು ಎಂದು ತೂಗಿ ನೋಡುವ ತಾಳ್ಮೆ ಗೆದ್ದವರಿಗೆ ಇರಲಿಲ್ಲ. ಬಯಲನ್ನು ಧೈರ್ಯದಿಂದ ದಾಟಬಹುದು ಎಂಬ ನಂಬಿಕೆಯೊಂದು ಬೇರೂರಿತು.

ಇತ್ತ ಫ್ರಾನ್ಸ್ ಸುಮ್ಮನೆ ಕೂತಿರಲಿಲ್ಲ. ಅದೇ 1866ರಲ್ಲಿ ಅದು ಶಸ್ಪೋ ಎಂಬ ಕೋವಿಯನ್ನು ತನ್ನ ಸೇನೆಗೆ ಆಯ್ದುಕೊಂಡಿತು. ಅದೂ ಹಿಂಬದಿಯಿಂದ ತುಂಬುವಂಥದ್ದು. ಆದರೆ ಹೊಗೆ ಸೋರದಂತೆ ರಬ್ಬರಿನ ಬಿಗಿ ಇದ್ದುದರಿಂದ ಮದ್ದಿನ ಬಲವೆಲ್ಲ ಗುಂಡಿಗೇ ಸೇರುತ್ತಿತ್ತು. ಗುಂಡು ಸಣ್ಣದು, ಸುಮಾರು 11 ಮಿಲಿಮೀಟರ್. ಗುರಿಪಟ್ಟಿಯಲ್ಲಿ 1,200 ಮೀಟರ್‌ವರೆಗೆ ಗೆರೆ ಹಾಕಲಾಗಿತ್ತು. ಡ್ರೈಸ ಕೋವಿಯ ಗುರಿಪಟ್ಟಿ ಇದರ ಅರ್ಧದಲ್ಲೇ ಮುಗಿಯುತ್ತಿತ್ತು. ಅಂದರೆ ಪ್ರಷ್ಯದ ಕಾಲಾಳು ತಾನೊಂದು ಗುಂಡು ಹಾರಿಸುವ ಮುನ್ನ ನೂರಾರು ಮೀಟರ್ ಉದ್ದಕ್ಕೂ ಗುಂಡು ತಿನ್ನುತ್ತಲೇ ನಡೆಯಬೇಕಿತ್ತು. 1870ರ ಜುಲೈಯಲ್ಲಿ ಫ್ರಾನ್ಸ್ ಪ್ರಷ್ಯದ ಮೇಲೆ ಯುದ್ಧ ಸಾರಿದಾಗ ಈ ವ್ಯತ್ಯಾಸ ಪ್ರಷ್ಯದ ಅಧಿಕಾರಿಗಳಿಗೆ ತಿಳಿಯದ ಸಂಗತಿಯೇನೂ ಆಗಿರಲಿಲ್ಲ. ತಿಳಿದದ್ದು ಇನ್ನೂ ಅಭ್ಯಾಸವಾಗಿರಲಿಲ್ಲ, ಅಷ್ಟೇ.

ಆಗಸ್ಟ್ ನಡುವಿನ ಹೊತ್ತಿಗೆ ಫ್ರೆಂಚ್ ಮಾರ್ಷಲ್ ಬಝೇನನ ರೈನ್ ಸೇನೆ ಮೆಟ್ಸ್ ಕೋಟೆಯನ್ನು ಬಿಟ್ಟು ಪಶ್ಚಿಮಕ್ಕೆ, ವರ್ದನ್ನಿನ ಕಡೆಗೆ ಹಿಂದೆಗೆಯುತ್ತಿತ್ತು. ಅದು ಆಗಲೇ ಬಹುದೂರ ಹೋಗಿದೆ ಎಂದು ಪ್ರಷ್ಯದ ಎರಡನೇ ಸೇನೆ ಲೆಕ್ಕ ಹಾಕಿತ್ತು. ಆದ್ದರಿಂದ 16ರ ಬೆಳಗ್ಗೆ 10ನೇ ಕೋರಿನ ತುಕಡಿಗಳು ಮ್ಯೂಸ್ ನದಿಯತ್ತ ಹೊರಟಿದ್ದವು. ಲೆಕ್ಕ ತಪ್ಪಿತ್ತು. ಬಝೇನನ ಇಡೀ ಸೇನೆ ಇನ್ನೂ ವಿಯೊಂವಿಲ್ ಮತ್ತು ರೆಝೊಂವಿಲ್ ಊರುಗಳ ಸುತ್ತಲೇ ಇತ್ತು. 3ನೇ ಕೋರಿನ ದಳಪತಿ ಆಲ್ವೆನ್ಸ್‌ಲೇಬೆನ್ ತನಗಿಂತ ನಾಲ್ಕೈದು ಪಟ್ಟು ದೊಡ್ಡದಾದ ಆ ಸೇನೆಯ ಮೇಲೆ ಬಿದ್ದನು, ಬಿದ್ದ ಮೇಲೆ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನ ಕಾಲಾಳುಗಳು ಬಳಲಿ ಬೆಂಡಾಗಿದ್ದರು. ಆಗ ಫಾನ್ ಬ್ರೇಡೋವನ ಸುಮಾರು 800 ರಾವುತರು ಫ್ರೆಂಚ್ ಫಿರಂಗಿಗಳ ಮೇಲೆ ನುಗ್ಗಿ, ಅರ್ಧದಷ್ಟು ಮಂದಿಯನ್ನು ಕಳೆದುಕೊಂಡು, ಹೊತ್ತು ಗಳಿಸಿಕೊಟ್ಟರು. ಜರ್ಮನ್ ಕವಿಗಳು ಹಾಡಿದ್ದು ಆ ದಾಳಿಯನ್ನು. ಅದೇ ದಿನ ಕೆಲವು ಗಂಟೆಗಳ ಅನಂತರ ಕಾಲಾಳುಗಳಿಗೆ ಬಂದೊದಗಿದ ಗತಿಯನ್ನು ಹಾಡಿದವರು ಕಡಿಮೆ. ಈ ಕಥನ ಅವರದು.

38ನೇ ಬ್ರಿಗೇಡ್ ಬೆಳಗಿನ ಜಾವವೇ ತಿಯೋಕೂರ್ ಬಿಟ್ಟು ಸಾಂತ್-ಇಲೇರ್ ಕಡೆಗೆ ನಡೆದಿತ್ತು. ಆಗಸ್ಟ್ ತಿಂಗಳ ಉರಿಬಿಸಿಲು, ಉಣ್ಣೆಯ ಅಂಗಿ, ಬೆನ್ನ ಮೇಲೆ ಚೀಲ, ಸೊಂಟದಲ್ಲಿ ತೋಟಾ ಪೆಟ್ಟಿಗೆ. ಪೂರ್ವದಿಂದ ತೋಪಿನ ಸದ್ದು ಕೇಳಿಬರುತ್ತಿತ್ತು. 19ನೇ ಡಿವಿಷನ್ನಿನ ದಳಪತಿ ಶ್ವಾರ್ಟ್ಸ್‌ಕೊಪ್ಪೆನ್ ದಂಡನ್ನು ಆ ಸದ್ದಿನ ಕಡೆ ತಿರುಗಿಸಿದನು. ಇದು ಅವನ ಪರವಾಗಿ ಹೇಳಲೇಬೇಕಾದ ಮಾತು. ಆ ತಿರುವು ಇರದಿದ್ದರೆ ಸಂಜೆಯ ಹೊತ್ತಿಗೆ ಜರ್ಮನರ ಎಡಪಕ್ಕದಲ್ಲಿ ನಿಲ್ಲಲು ಯಾರೂ ಇರುತ್ತಿರಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಬ್ರಿಗೇಡ್ ಮಾರ್ಸ್-ಲಾ-ತೂರ್ ಬಳಿಗೆ ಬಂದಿತು. ಆರು ಬೆಟಾಲಿಯನ್ನುಗಳಲ್ಲಿ ಒಂದನ್ನು ಬೇರೆ ಕೆಲಸಕ್ಕೆ ಕಳಿಸಲಾಗಿತ್ತು. ಉಳಿದದ್ದು ಐದು ಬೆಟಾಲಿಯನ್, ದಾರಿ ಸೇತುವೆ ಕಟ್ಟುವ ಪಯೋನಿಯರ್‌ಗಳ ಎರಡು ಕಂಪನಿ, ಎರಡು ಬ್ಯಾಟರಿ ಫಿರಂಗಿ.

ಅಷ್ಟರಲ್ಲಿ ಉತ್ತರದ ದಿಬ್ಬಗಳ ಮೇಲೆ ಫ್ರೆಂಚರ 4ನೇ ಕೋರ್ ಬಂದು ನಿಂತಿತ್ತು. ಅದರ ದಳಪತಿ ಲಾದ್ಮಿರೋ ಎಚ್ಚರಿಕೆಯ ಮನುಷ್ಯ. ಗ್ರೆನಿಯೇ ಎಂಬವನ ಡಿವಿಷನ್ ಟ್ರೊನ್‌ವಿಲ್ ಕಾಡಿನಿಂದ ಹಿಂದೆ ಸರಿದು ದಿಬ್ಬದ ನೆತ್ತಿಯಲ್ಲಿ ನೆಲೆ ಹಿಡಿದಿತ್ತು. ಅದರ ಹಿಂದಿನಿಂದ ಸಿಸ್ಸೇ ಎಂಬವನ ಡಿವಿಷನ್ ಬರುತ್ತಿತ್ತು. ಈ ಹಿಂದೆಗೆತವನ್ನು ದೂರದಿಂದ ಕಂಡ 10ನೇ ಕೋರಿನ ದಳಪತಿ ಫೋಕ್ಟ್ಸ್-ರೆಟ್ಸ್ ಫ್ರೆಂಚರ ಪಕ್ಕ ಸಡಿಲವಾಗಿದೆ ಎಂದು ತಿಳಿದನು. ದಾಳಿಯ ಆಜ್ಞೆ ಹೊರಟಿತು.

ಇಲ್ಲಿ ನಿಂತು ಆ ನೆಲವನ್ನು ನೋಡಬೇಕು. ಮಾರ್ಸ್-ಲಾ-ತೂರ್ ಊರಿಗೆ ಫಿರಂಗಿಯ ಬೆಂಕಿ ತಗುಲಿ ಮನೆಗಳು ಉರಿಯುತ್ತಿದ್ದವು, ಹೊಗೆ ಕಣ್ಣಿಗೆ ಅಡ್ಡ ಬಂದಿತ್ತು. ಊರಿನ ಉತ್ತರಕ್ಕೆ ಮರವಿಲ್ಲದ, ಬೇಲಿಯಿಲ್ಲದ ಹೊಲದ ಬಯಲು ಮೆಲ್ಲನೆ ಏರುತ್ತ ಹೋಗುತ್ತದೆ. ಬಯಲಿನ ಆಚೆ ತುದಿಯಲ್ಲಿ ನೆಲ ಇದ್ದಕ್ಕಿದ್ದಂತೆ ಬಾಯ್ದೆರೆದು ಆಳವಾದ ಕೊರಕಲಾಗುತ್ತದೆ. ಊರಿನ ಕಡೆಯಿಂದ ನೋಡಿದವನಿಗೆ ಅದು ಕಾಣುವುದೇ ಇಲ್ಲ. ಈಚೆಯ ಹೊಲ ಆಚೆಯ ದಿಬ್ಬಕ್ಕೆ ಕೂಡಿಕೊಂಡಂತೆಯೇ ತೋರುತ್ತದೆ. ಕೊರಕಲಿನ ಆಚೆಯ ಗೋಡೆ ಕಡಿದಾದದ್ದು, ಅದರ ನೆತ್ತಿಯಲ್ಲಿ ಫ್ರೆಂಚರು. ಬ್ರಿಗೇಡಿನ ಆಸುಪಾಸಿನಲ್ಲಿ ಕುದುರೆ ಸವಾರರಿಗೆ ಕೊರತೆಯಿರಲಿಲ್ಲ. ಹತ್ತು ಮಂದಿ ಸವಾರರು ಊರನ್ನು ಬಳಸಿ ಮುಂದಕ್ಕೆ ಹೋಗಿ ನೋಡಿ ಬಂದಿದ್ದರೆ ಕೊರಕಲಿನ ಸುದ್ದಿಯೂ, ದಿಬ್ಬದ ಮೇಲಿನ ಬಲದ ಸುದ್ದಿಯೂ ತಿಳಿಯುತ್ತಿತ್ತು. ಯಾರನ್ನೂ ಕಳಿಸಲಿಲ್ಲ. ಈ ಇಡೀ ಇತಿಹಾಸದಲ್ಲಿ ನನಗೆ ಕ್ಷಮಿಸಲಾಗದೆ ಉಳಿಯುವ ಸಂಗತಿ ಇದೊಂದೇ. ಫ್ರೆಂಚರ ಬಲವನ್ನು ಕಡಿಮೆ ಅಂದಾಜು ಮಾಡಿದ್ದು ಯುದ್ಧದ ಮಬ್ಬಿನಲ್ಲಿ ಯಾರಿಗೂ ಆಗಬಹುದಾದದ್ದು. ಸಾವಿರಾರು ಜನರನ್ನು ನಡೆಸುವ ನೆಲವನ್ನೇ ನೋಡದಿದ್ದದ್ದು ಅಂಥದ್ದಲ್ಲ.

ಬ್ರಿಗೇಡಿನ ದಳಪತಿ ಮೇಜರ್ ಜನರಲ್ ಫಾನ್ ವೆಡೆಲ್. 16ನೇ ರೆಜಿಮೆಂಟಿಗೆ ಕರ್ನಲ್ ಫಾನ್ ಬ್ರಿಕ್ಸೆನ್, 57ನೆಯದಕ್ಕೆ ಕರ್ನಲ್ ಫಾನ್ ಕ್ರಾನಾಖ್. ಹೊತ್ತು ಸಂಜೆ ಐದರ ಸಮೀಪ. ಬೆಳಗಿನಿಂದ ನಡೆದ ಕಾಲುಗಳಿಗೆ ಸ್ವಲ್ಪ ಬಿಡುವು ಸಿಕ್ಕಿತ್ತೋ ಇಲ್ಲವೋ, ಐದು ಬೆಟಾಲಿಯನ್ನುಗಳು ಉರಿಯುವ ಊರಿನ ಎರಡು ಮಗ್ಗುಲಲ್ಲಿ ಸಾಗಿ ಬಯಲಿಗೆ ಬಂದವು. ಹೆಚ್ಚುಕಡಿಮೆ ಎಲ್ಲರೂ ಒಂದೇ ಸಾಲಿನಲ್ಲಿ. ಹಿಂದೆ ಮೀಸಲು ಎನ್ನುವಂಥದ್ದು ಉಳಿಯಲಿಲ್ಲ. ಅಧಿಕಾರಿಗಳು ಕುದುರೆಗಳ ಮೇಲೆ, ಧ್ವಜಗಳು ಬಿಚ್ಚಿಕೊಂಡು.

ಶಸ್ಪೋ ಗುಂಡುಗಳು ಸಾವಿರ ಮೀಟರಿನಾಚೆಯಿಂದಲೇ ಬರತೊಡಗಿದವು. ಕಂಪನಿಗಳು ನೂರು ನೂರೈವತ್ತು ಹೆಜ್ಜೆ ಓಡುವುದು, ಮಲಗುವುದು, ಉಸಿರು ಹಿಡಿದು ಮತ್ತೆ ಏಳುವುದು. ಪ್ರತಿ ಸಲ ಎದ್ದಾಗಲೂ ಕೆಲವರು ಮಲಗಿದಲ್ಲೇ ಉಳಿಯುತ್ತಿದ್ದರು. ಕುದುರೆಯ ಮೇಲಿದ್ದವರು ಮೊದಲು ಉರುಳಿದರು. ಸಾಲುಗಳ ನಡುವಿನ ಬಿರುಕುಗಳು ತುಂಬುತ್ತ, ಒಂದು ಕಂಪನಿಯ ಆಳುಗಳು ಇನ್ನೊಂದರಲ್ಲಿ ಸೇರುತ್ತ, ಯಾರ ತುಕಡಿ ಯಾರದು ಎಂಬುದು ಕಲಸಿಹೋಯಿತು. ಆದರೂ ಅವರು ಬಯಲನ್ನು ದಾಟಿದರು. ಪ್ರೊಬ್ಲುಸ್‌ನಲ್ಲಿ ದಾಟಿದಂತೆಯೇ ದಾಟಿದರು. ಆಗ ಎದುರಿಗೆ ಕೊರಕಲು ಬಂತು.

ಮುಂದಿನವರು ಓಡುತ್ತ ಬಂದ ರಭಸಕ್ಕೆ ಒಳಗೆ ಜಾರಿದರು. ತಳದಲ್ಲಿ ಕ್ಷಣಹೊತ್ತು ಗುಂಡಿನಿಂದ ಮರೆ ಸಿಕ್ಕಿತು. ಏದುಸಿರು ಬಿಡುತ್ತ, ಕೈಕಾಲು ಊರಿ, ಆಚೆಯ ಗೋಡೆ ಹತ್ತಿದರು. ನೆತ್ತಿಗೆ ತಲೆ ಎತ್ತಿದವರ ಕಣ್ಣಿಗೆ ಬಿದ್ದದ್ದು ಮೂವತ್ತು ಹೆಜ್ಜೆಯಿಂದ ನೂರು ನೂರೈವತ್ತು ಹೆಜ್ಜೆಯೊಳಗೆ ದಟ್ಟವಾಗಿ ನಿಂತ ಫ್ರೆಂಚ್ ಸಾಲು. ಇಷ್ಟು ಹತ್ತಿರದಲ್ಲಿ ಸೂಜಿ ಕೋವಿಗೂ ಶಸ್ಪೋಗೂ ಅಂತರವಿಲ್ಲ. ಕೆಲವು ನಿಮಿಷ ಎರಡೂ ಕಡೆಯವರು ಮುಖಕ್ಕೆ ಮುಖ ಕೊಟ್ಟು ಸುಟ್ಟುಕೊಂಡರು. ಗ್ರೆನಿಯೇಯ ಸಾಲು ಅಲುಗಿತು ಕೂಡ. ಆದರೆ ಆಗಲೇ ಸಿಸ್ಸೇಯ ಡಿವಿಷನ್ ಓಡೋಡಿ ಬಂದು ಪಕ್ಕಕ್ಕೆ ಕೂಡಿಕೊಂಡಿತು. ಜರ್ಮನರ ಸಾಲನ್ನು ಅದು ಉದ್ದದಲ್ಲಿ ಮೀರಿಸಿತು, ಎರಡೂ ಮಗ್ಗುಲಿಂದ ಕವಿಯಿತು. ಫ್ರೆಂಚರು ಇಳಿದು ನುಗ್ಗಿದರು. ಕೊರಕಲಿನ ನೆತ್ತಿಯಲ್ಲಿದ್ದವರು ಹಿಂದಕ್ಕೆ, ಅಂದರೆ ಕೆಳಕ್ಕೆ, ಬಿದ್ದರು. ಮೇಲಿನಿಂದ ಒಳಕ್ಕೆ ಗುಂಡು ಸುರಿಯಿತು. ಗಾಯಗೊಂಡವರು, ಹತ್ತಲು ಕಾಲು ಬರದೆ ಅಲ್ಲೇ ಕುಸಿದವರು ನೂರಾರು ಮಂದಿ ಸೆರೆಯಾದರು. ಈಚೆಯ ಗೋಡೆ ಹತ್ತಿದವರಿಗೆ ಮತ್ತದೇ ಬಯಲು ಕಾದಿತ್ತು, ಈ ಸಲ ಗುಂಡುಗಳು ಬೆನ್ನಿಗೆ. ಎಷ್ಟೋ ಜನ ಆಯಾಸದಿಂದ ಓಡಲೂ ಆಗದೆ ಗುಂಡಿನ ಮಳೆಯಲ್ಲಿ ನಿಧಾನವಾಗಿ ನಡೆದು ಬಂದರು.

ಬ್ರಿಕ್ಸೆನ್ ಸತ್ತನು. 16ನೇ ರೆಜಿಮೆಂಟಿನ ಎರಡನೇ ಬೆಟಾಲಿಯನ್ನಿನ ಧ್ವಜ ಫ್ರೆಂಚರ ಕೈಸೇರಿತು. ಅದನ್ನು ತೆಗೆದುಕೊಂಡವನು ಶಬಾಲ್ ಎಂಬ ಸಬ್-ಲೆಫ್ಟಿನೆಂಟ್. ಅವನ ರೆಜಿಮೆಂಟಿನ ಅಂಕಿಯೂ 57. ಇಡೀ ಯುದ್ಧದಲ್ಲಿ ಶತ್ರುವಿನ ಪಾಲಾದ ಜರ್ಮನ್ ಧ್ವಜಗಳು ಎರಡೇ, ಇದು ಮೊದಲನೆಯದು. ಇನ್ನೊಂದು 1871ರ ಜನವರಿಯಲ್ಲಿ ದಿಜೋನಿನ ಬಳಿ 61ನೇ ರೆಜಿಮೆಂಟು ಕಳೆದುಕೊಂಡದ್ದು. ಕುದುರೆಯ ಮೇಲೆ ಉಳಿದಿದ್ದ ಕರ್ನಲ್ ಕ್ರಾನಾಖ್ ಅಳಿದುಳಿದವರನ್ನು ಒಂದು ಧ್ವಜದ ಸುತ್ತ ಕೂಡಿಸಿಕೊಂಡನು. ಬಯಲಿಗೆ ಇಳಿದವರು ಸುಮಾರು 4,600 ಮಂದಿ. ಅವರಲ್ಲಿ ಸತ್ತವರು, ಗಾಯಗೊಂಡವರು, ಸೆರೆಯಾದವರು ಸೇರಿ 2,600ರಷ್ಟು. 95 ಅಧಿಕಾರಿಗಳಲ್ಲಿ 70ಕ್ಕೂ ಹೆಚ್ಚು ಮಂದಿ ಈ ಪಟ್ಟಿಯಲ್ಲಿದ್ದರು. ಇದಕ್ಕೆ ಹಿಡಿದ ಹೊತ್ತು ಒಂದು ಗಂಟೆಗಿಂತ ಹೆಚ್ಚಲ್ಲ.

ಫ್ರೆಂಚರು ಬೆನ್ನಟ್ಟಿ ಬರುತ್ತಿದ್ದರು. ಅವರನ್ನು ತಡೆಯಲು ಹತ್ತಿರದಲ್ಲಿದ್ದದ್ದು ಮೊದಲನೇ ಗಾರ್ಡ್ ಡ್ರಾಗೂನ್ ಸವಾರರ ರೆಜಿಮೆಂಟ್. ಕರ್ನಲ್ ಫಾನ್ ಆವರ್ಸ್‌ವಾಲ್ಡ್ ಅದನ್ನು ಮುನ್ನಡೆಸಿ ಬೆನ್ನಟ್ಟುವವರ ಮೇಲೆ ಹರಿದನು. ರೆಜಿಮೆಂಟಿನ ಬಹುಪಾಲು ಅಧಿಕಾರಿಗಳು ಉರುಳಿದರು, ಆವರ್ಸ್‌ವಾಲ್ಡ್ ಸಾಯುವ ಗಾಯ ತಿಂದನು. ಆದರೆ ಫ್ರೆಂಚ್ ಕಾಲಾಳುಗಳು ಗುಂಪುಗುಂಪಾಗಿ ನಿಂತು ತಮ್ಮನ್ನು ಕಾಯ್ದುಕೊಳ್ಳಬೇಕಾಯಿತು, ಬೆನ್ನಟ್ಟುವುದು ನಿಂತಿತು. ಆ ಸವಾರರಲ್ಲಿ ಚಾನ್ಸಲರ್ ಬಿಸ್ಮಾರ್ಕನ ಇಬ್ಬರು ಗಂಡುಮಕ್ಕಳಿದ್ದರು. ಹಿರಿಯವನಾದ ಹೆರ್ಬರ್ಟ್‌ನ ತೊಡೆಗೆ ಗುಂಡು ಬಿತ್ತು, ಕಿರಿಯವನ ಕುದುರೆ ಉರುಳಿತು. ಒಬ್ಬ ಮಗ ಸತ್ತನೆಂದೂ ಇನ್ನೊಬ್ಬ ಗಾಯಗೊಂಡನೆಂದೂ ಸುದ್ದಿ ಕೇಳಿದ ತಂದೆ ರಾತ್ರಿ ಕುದುರೆಯೇರಿ ಹುಡುಕಿಕೊಂಡು ಹೋದನು. ಗಾಯಾಳುಗಳು ತುಂಬಿದ ಒಂದು ತೋಟದ ಮನೆಯಲ್ಲಿ ಹೆರ್ಬರ್ಟ್ ಸಿಕ್ಕಿದನು. ಯುದ್ಧವನ್ನು ಕಾಗದದ ಮೇಲೆ ಹೂಡಿದವನು ಅದರ ನೆಲವನ್ನು ಅಂದು ಕಾಲಿಟ್ಟು ನೋಡಿದನು.

ಲಾದ್ಮಿರೋ ಮುಂದೆ ನುಗ್ಗಲಿಲ್ಲ. ನುಗ್ಗಿದ್ದರೆ ಜರ್ಮನರ ಎಡಪಕ್ಕ ಕುಸಿಯುತ್ತಿತ್ತು, ವರ್ದನ್ನಿನ ದಾರಿ ತೆರೆಯುತ್ತಿತ್ತು ಎಂದು ಫ್ರೆಂಚ್ ಇತಿಹಾಸಕಾರರು ಇಂದಿಗೂ ಕೊರಗುತ್ತಾರೆ. ಪಶ್ಚಿಮದಲ್ಲಿ ವಿಲ್-ಸುರ್-ಇರೋನ್ ಬಯಲಿನಲ್ಲಿ ಸಾವಿರಾರು ಸವಾರರು ಕತ್ತಿ ಹಿರಿದು ಕಾದಾಡಿದರು. ಅಲ್ಲಿ ಫ್ರೆಂಚ್ ಜನರಲ್ ಲೆಗ್ರಾಂದ್ ಮಡಿದನು. ಕತ್ತಲಾಯಿತು. ಆ ಒಂದು ದಿನ ಎರಡೂ ಕಡೆ ಸೇರಿ ಸುಮಾರು 30,000 ಮಂದಿ ಸತ್ತರು, ಗಾಯಗೊಂಡರು ಇಲ್ಲವೆ ಸೆರೆಯಾದರು. ಮರುದಿನ ಬಝೇನ್ ಮೆಟ್ಸ್ ಕಡೆಗೆ ಹಿಂದಿರುಗಿದನು. 18ರಂದು ಗ್ರಾವೆಲೋತ್ ಕಾಳಗ, ಆಮೇಲೆ ಮುತ್ತಿಗೆ, ಅಕ್ಟೋಬರ್ 27ರಂದು ಕೋಟೆಯ ಶರಣಾಗತಿ. 38ನೇ ಬ್ರಿಗೇಡಿನ ದಾಳಿ ನುಚ್ಚುನೂರಾದರೂ ಕಾಳಗದ ಫಲ ಜರ್ಮನರದಾಯಿತು. ಮುಂದಿನ ಅನರ್ಥಕ್ಕೆ ಇದೇ ಬೀಜ. ಸೋತ ಯುದ್ಧದಲ್ಲಿ ತಪ್ಪುಗಳನ್ನು ಎಲ್ಲರೂ ಹುಡುಕುತ್ತಾರೆ. ಗೆದ್ದ ಯುದ್ಧದಲ್ಲಿ ತಪ್ಪು ತೋರಿಸಹೊರಟವನು ಕೀರ್ತಿಗೆ ಮಸಿ ಬಳಿಯುವವನಂತೆ ಕಾಣುತ್ತಾನೆ.

ಬ್ರಿಗೇಡ್ ಅಲ್ಲಿಗೆ ಮುಗಿಯಲಿಲ್ಲ. ಮೀಸಲು ಪಡೆಗಳಿಂದ ಹೊಸ ಆಳುಗಳು ಬಂದರು, ಗಾಯ ವಾಸಿಯಾದವರು ಮರಳಿದರು. ಮೆಟ್ಸ್ ಬಿದ್ದ ಮೇಲೆ ರಾಜಕುಮಾರ ಫ್ರೆಡ್ರಿಕ್ ಚಾರ್ಲ್ಸನ ಸೇನೆಯೊಂದಿಗೆ ಅದು ಲ್ವಾರ್ ನದಿಯ ಕಡೆಗೆ ಇಳಿಯಿತು. ಅಷ್ಟರಲ್ಲಿ ಫ್ರಾನ್ಸಿನಲ್ಲಿ ಚಕ್ರವರ್ತಿಯ ಆಳ್ವಿಕೆ ಬಿದ್ದು ಗಣರಾಜ್ಯ ಬಂದಿತ್ತು, ಜರ್ಮನರು ಪ್ಯಾರಿಸನ್ನು ಮುತ್ತಿದ್ದರು. ಮಂತ್ರಿ ಗಾಂಬೆಟ್ಟಾ ಹೊಸದಾಗಿ ಕಟ್ಟಿದ ಗಣರಾಜ್ಯದ ಸೇನೆಗಳು ಪ್ಯಾರಿಸಿನ ಮುತ್ತಿಗೆ ಬಿಡಿಸಲು ಮೇಲೇರಿ ಬರುತ್ತಿದ್ದವು. ನವೆಂಬರ್ 28ರಂದು ಬೋನ್-ಲಾ-ರೊಲಾಂದ್ ಎಂಬ ಪುಟ್ಟ ಪಟ್ಟಣದಲ್ಲಿ 38ನೇ ಬ್ರಿಗೇಡ್ ಕಾವಲಿತ್ತು. ಜನರಲ್ ಕ್ರೂಝಾನ ದಂಡು ಪಟ್ಟಣವನ್ನು ಮೂರು ದಿಕ್ಕಿನಿಂದ ಸುತ್ತಿತು.

ಈ ಸಲ ಬಯಲು ಫ್ರೆಂಚರ ಪಾಲಿಗೆ, ಗೋಡೆ ವೆಸ್ಟ್‌ಫಾಲಿಯಾದವರ ಪಾಲಿಗೆ. 16ನೇ ರೆಜಿಮೆಂಟಿನವರು ಮನೆಗಳಲ್ಲಿ, ಹಳೆಯ ಊರುಗೋಡೆಯ ಪಳೆಯುಳಿಕೆಗಳ ಹಿಂದೆ, ಸ್ಮಶಾನದ ಕಲ್ಲುಗೋಡೆಯ ಹಿಂದೆ ಕೂತರು. ತೋಟಾಗಳು ಕಡಿಮೆಯಾಗುತ್ತ ಬಂದವು. ಆದ್ದರಿಂದ ಫ್ರೆಂಚರು ತೀರ ಹತ್ತಿರ ಬರುವವರೆಗೆ ಕಾದು ಒಮ್ಮೆಲೇ ಸಿಡಿಸತೊಡಗಿದರು. ಎಳೆಯ ಫ್ರೆಂಚ್ ಸೈನಿಕರು ಮತ್ತೆ ಮತ್ತೆ ಬಂದರು, ಮತ್ತೆ ಮತ್ತೆ ಗೋಡೆಯ ಬುಡದಲ್ಲಿ ಉರುಳಿದರು. ಮಧ್ಯಾಹ್ನ ಕಳೆದ ಮೇಲೆ 3ನೇ ಕೋರಿನ 5ನೇ ಡಿವಿಷನ್ ಫಿರಂಗಿಗಳೊಂದಿಗೆ ನೆರವಿಗೆ ಬಂತು, ಪಟ್ಟಣ ಉಳಿಯಿತು. ಜರ್ಮನರು ಕಳೆದುಕೊಂಡದ್ದು ಸುಮಾರು 900 ಮಂದಿಯನ್ನು. ಫ್ರೆಂಚರ ನಷ್ಟ ಇದರ ಹಲವು ಪಟ್ಟು. ಆ ಗೋಡೆಗಳ ಎದುರು ಬಿದ್ದವರಲ್ಲಿ 3ನೇ ಝುವಾವ್ ರೆಜಿಮೆಂಟಿನ ಫ್ರೆಡೆರಿಕ್ ಬಾಝೀಲ್ ಒಬ್ಬ. ಚಿತ್ರಕಾರರಾದ ಮೊನೆ, ರೆನ್ವಾರರ ಗೆಳೆಯ. ಅವರೊಂದಿಗೆ ಒಂದೇ ಕೋಣೆಯಲ್ಲಿ ಚಿತ್ರ ಬರೆದವನು. ಇಪ್ಪತ್ತೊಂಬತ್ತು ತುಂಬಲು ಕೆಲವೇ ದಿನಗಳಿದ್ದವು. ಅವನ ತಂದೆ ಮೊಂಪೆಲಿಯೇಯಿಂದ ಬಂದು, ರಣರಂಗದಲ್ಲಿ ಹುಡುಕಿ, ಮಗನ ದೇಹವನ್ನು ಊರಿಗೆ ಒಯ್ದನು. ಇಂಪ್ರೆಷನಿಸ್ಟ್ ಚಿತ್ರಕಾರರ ಮೊದಲ ಪ್ರದರ್ಶನಕ್ಕೆ ಇನ್ನೂ ನಾಲ್ಕು ವರ್ಷವಿತ್ತು. ಅವನನ್ನು ಕೊಂದ ಗುಂಡು ಯಾವ ಕೋವಿಯದೆಂದು ಹೇಳುವವರಿಲ್ಲ. ಆದರೆ ಆ ಪಟ್ಟಣವನ್ನು ಹಿಡಿದು ನಿಂತಿದ್ದದ್ದು ಈ ಬ್ರಿಗೇಡ್.

ಮೂರು ತಿಂಗಳ ಅಂತರದಲ್ಲಿ ಒಂದೇ ಬ್ರಿಗೇಡ್ ಒಂದೇ ಪಾಠವನ್ನು ಎರಡು ಬದಿಯಿಂದ ಕಲಿತಿತ್ತು. ಮರೆಯಲ್ಲಿ ಕೂತು ಗುರಿಯಿಡುವ ಕೆಲವರು ಬಯಲಲ್ಲಿ ನಡೆದು ಬರುವ ಅನೇಕರನ್ನು ನಿಲ್ಲಿಸಬಲ್ಲರು. 1871ರ ಜನವರಿಯಲ್ಲಿ ಲ ಮಾನ್ ಕಾಳಗದ ಹಿಮದಲ್ಲಿ ನಡೆದು, ಕದನವಿರಾಮ ಬಂದ ಮೇಲೆ ಅದು ಊರಿಗೆ ಮರಳಿತು.

ಪಾಠವನ್ನು ಅಕ್ಷರಕ್ಕಿಳಿಸಿದವನು ಫ್ರಿಟ್ಸ್ ಹೋನಿಗ್. ಮಾರ್ಸ್-ಲಾ-ತೂರ್‌ನಲ್ಲಿ ಅವನು 57ನೇ ರೆಜಿಮೆಂಟಿನ ತರುಣ ಅಧಿಕಾರಿ. ಮುಂದೆ ಕ್ಯಾಪ್ಟನ್ ಹುದ್ದೆಯಿಂದ ನಿವೃತ್ತನಾಗಿ ಪೂರ್ಣಕಾಲ ಬರೆಹಕ್ಕೆ ಕೂತನು. 1882ರಲ್ಲಿ ಬಂದ ಅವನ 'ಎರಡು ಬ್ರಿಗೇಡುಗಳು' ಎಂಬ ಗ್ರಂಥ ಪ್ರೊಬ್ಲುಸ್‌ನ 28ನೇ ಬ್ರಿಗೇಡನ್ನೂ ಮಾರ್ಸ್-ಲಾ-ತೂರ್‌ನ 38ನೇ ಬ್ರಿಗೇಡನ್ನೂ ಅಕ್ಕಪಕ್ಕ ಇಟ್ಟು ನೋಡಿತು. 57ನೇ ರೆಜಿಮೆಂಟು ಎರಡರಲ್ಲೂ ಇತ್ತು. ಅದೇ ವೆಸ್ಟ್‌ಫಾಲಿಯಾದ ಜನ, ಅದೇ ಶಿಸ್ತು, ಅದೇ ಬಗೆಯ ಬಯಲು. ಒಂದು ಕಡೆ ಜಯ, ಇನ್ನೊಂದು ಕಡೆ ನಾಶ. ಹೀಗಾದರೆ ಸೈನಿಕನ ಎದೆಗಾರಿಕೆಯ ಕೊರತೆಯಿಂದ ಸೋಲಾಯಿತು ಎನ್ನುವ ಹಾಗಿಲ್ಲ. ಬದಲಾಗಿದ್ದದ್ದು ಎದುರಿನವನ ಕೋವಿ, ಬದಲಾಗದೆ ಉಳಿದಿದ್ದದ್ದು ತಮ್ಮ ದಳಪತಿಗಳ ರೀತಿ. ಅವನು ಇಷ್ಟಕ್ಕೇ ನಿಲ್ಲಲಿಲ್ಲ. ಯಾವ ಕಂಪನಿ ಎಲ್ಲಿ ಸಾಗಿತು, ಯಾರಿಗೆ ಆಜ್ಞೆ ಮುಟ್ಟಿತು, ಯಾರಿಗೆ ಮುಟ್ಟಲಿಲ್ಲ, ದಣಿವು ಮತ್ತು ಭಯ ಆಳುಗಳ ಮನಸ್ಸನ್ನು ಹೇಗೆ ಹಿಡಿದವು ಎಂದು ಬಿಡಿಸಿ ಬಿಡಿಸಿ ಬರೆದನು. ಕಾಳಗವನ್ನು ದಳಪತಿಯ ದಿಬ್ಬದಿಂದ ನೋಡಿ ಬರೆಯುವುದು ಆ ಕಾಲದ ಸಂಪ್ರದಾಯ. ಹೋನಿಗ್ ಕೊರಕಲಿನ ತಳದಿಂದ ನೋಡಿ ಬರೆದನು. ಸೈನ್ಯದ ಇತಿಹಾಸ ಬರೆದವರಲ್ಲಿ ಅವನಿಗೆ ಸಲ್ಲಬೇಕಾದ ಸ್ಥಾನ ದೊಡ್ಡದು.

ಒಪ್ಪಿದವರೂ ಇದ್ದರು, ಕೆರಳಿದವರೂ ಇದ್ದರು. ಆ ದಿನ 19ನೇ ಡಿವಿಷನ್ನಿನ ಜನರಲ್ ಸ್ಟಾಫ್ ಅಧಿಕಾರಿಯಾಗಿದ್ದ ವಿಲ್ಹೆಲ್ಮ್ ಫಾನ್ ಶೆರ್ಫ್ ಮುಂದೆ ಯುದ್ಧತಂತ್ರದ ಹೆಸರಾಂತ ಬರೆಹಗಾರನಾದನು. ಬಿಗಿಯಾದ ಆಜ್ಞೆಯ ಕೆಳಗೆ ಒಗ್ಗಟ್ಟಾಗಿ ಮಾಡುವ ದಾಳಿಯೇ ಗೆಲುವಿನ ದಾರಿ ಎಂಬುದು ಅವನ ವಾದ. ಅದೇ ಕಾಳಗವನ್ನು ಕಂಡ ಇಬ್ಬರು ಎರಡು ವಿರುದ್ಧ ತೀರ್ಮಾನಕ್ಕೆ ಬಂದರು. 1888ರಲ್ಲಿ ಜರ್ಮನ್ ಪದಾತಿದಳಕ್ಕೆ ಹೊಸ ಕವಾಯತು ನಿಯಮಾವಳಿ ಬಂದಾಗ ಚದುರಿದ ಸಾಲು, ಕೋವಿಯ ಬಲ, ಕಿರಿಯ ಅಧಿಕಾರಿಯ ಸ್ವಂತ ವಿವೇಚನೆ ಇವುಗಳಿಗೆ ಮೊದಲಿಗಿಂತ ಹೆಚ್ಚಿನ ಜಾಗ ದೊರಕಿತು. ಇದು ಹೋನಿಗ್‌ನಂಥವರ ಪಕ್ಷಕ್ಕೆ ಸಂದ ಜಯ. ಆದರೂ ಅವನು ಬಿಡಲಿಲ್ಲ. 1899ರಲ್ಲಿ ಜರ್ಮನರ ಎಡಪಕ್ಕದಲ್ಲಿ ಅಂದು ನಡೆದದ್ದೇನು, ಯಾರ ಆಜ್ಞೆ ಏನಿತ್ತು ಎಂಬುದರ ಬಗ್ಗೆ 'ಸತ್ಯ'ವನ್ನು ಹೇಳುವೆನೆಂದು ಮತ್ತೊಂದು ಪುಸ್ತಕ ಹೊರಡಿಸಿದನು. ಇಪ್ಪತ್ತೊಂಬತ್ತು ವರ್ಷ ಕಳೆದಿದ್ದರೂ ಹೆಸರುಗಳು ಇನ್ನೂ ಬಿಸಿಯಾಗಿದ್ದವು. ಅಂದು 10ನೇ ಕೋರಿನ ಸಿಬ್ಬಂದಿ ಮುಖ್ಯಸ್ಥನಾಗಿದ್ದ ಲಿಯೋ ಫಾನ್ ಕಾಪ್ರಿವಿ ಬಿಸ್ಮಾರ್ಕನ ಅನಂತರ ಸಾಮ್ರಾಜ್ಯದ ಚಾನ್ಸಲರ್ ಆಗಿ, ಆ ಹೊತ್ತಿಗೆ ತೀರಿಕೊಂಡಿದ್ದನು. ಪುಸ್ತಕ ಕಟುವಾದ ಜಗಳ ಎಬ್ಬಿಸಿತು. 1902ರಲ್ಲಿ ಹೋನಿಗ್ ತೀರಿಕೊಂಡನು.

ಫ್ರೆಂಚರ ಕಡೆಯಲ್ಲಿ ಆ ನೆಲಕ್ಕೆ ಬೇರೆ ಬಗೆಯ ನೆನಪು ಬೆಳೆಯಿತು. ಸಂಧಿಯಾದಾಗ ಗಡಿ ಮಾರ್ಸ್-ಲಾ-ತೂರ್‌ನ ಪೂರ್ವಕ್ಕೆ ಬಿತ್ತು. ವಿಯೊಂವಿಲ್ ಜರ್ಮನಿಗೆ, ಮಾರ್ಸ್-ಲಾ-ತೂರ್ ಫ್ರಾನ್ಸಿಗೆ. 1875ರಲ್ಲಿ ಅಲ್ಲಿ ಫ್ರೆಂಚರ ದೊಡ್ಡ ಸ್ಮಾರಕ ನಿಂತಿತು. ಊರಿನ ಪಾದ್ರಿ ಫಾಲೇರ್ ಪ್ರತಿ ಆಗಸ್ಟ್ 16ರಂದು ಮಡಿದವರಿಗಾಗಿ ಪ್ರಾರ್ಥನೆ ನಡೆಸಿದನು, ಒಂದು ವಸ್ತುಸಂಗ್ರಹಾಲಯವನ್ನೂ ಕಟ್ಟಿದನು. ಜರ್ಮನಿಯ ಪಾಲಾದ ಪ್ರಾಂತಗಳ ಜನ ಗಡಿ ದಾಟಿ ಅಲ್ಲಿಗೆ ಬರುತ್ತಿದ್ದರು.

ಯುದ್ಧವಾದ ಮೇಲೆ ರೆಜಿಮೆಂಟುಗಳು ಜಾಗ ಬದಲಿಸಿದವು. ವೆಸ್ಟ್‌ಫಾಲಿಯಾದವರು ರೈನ್ ನದಿಯ ಕಡೆಗೆ ಹೋದರು. ಹ್ಯಾನೋವರಿನ 73 ಮತ್ತು 74ನೇ ರೆಜಿಮೆಂಟುಗಳು ತವರಿಗೆ ಮರಳಿ 38ನೇ ಬ್ರಿಗೇಡ್ ಎಂಬ ಹೆಸರಿನೊಳಗೆ ಸೇರಿದವು. ರಕ್ತ ಚೆಲ್ಲಿದವರು ಒಬ್ಬರು, ಅಂಕಿ ಹೊತ್ತವರು ಇನ್ನೊಬ್ಬರು. 1899ರಲ್ಲಿ ಚಕ್ರವರ್ತಿ ಎರಡನೇ ವಿಲ್ಹೆಲ್ಮ್, ಅಳಿದುಹೋದ ಹ್ಯಾನೋವರ್ ಸೇನೆಯ ಪರಂಪರೆಯನ್ನು ಈ ರೆಜಿಮೆಂಟುಗಳಿಗೆ ಒಪ್ಪಿಸಿದನು. ಅದರಂತೆ 1901ರಿಂದ 73ನೆಯವರು ತೋಳಿಗೆ 'ಜಿಬ್ರಾಲ್ಟರ್' ಎಂದು ಬರೆದ ಪಟ್ಟಿ ಕಟ್ಟಿದರು. 1779ರಿಂದ 1783ರವರೆಗೆ ಬ್ರಿಟಿಷರ ಪರವಾಗಿ ಆ ಬಂಡೆಕೋಟೆಯನ್ನು ಕಾಯ್ದವರಲ್ಲಿ ಹ್ಯಾನೋವರಿನ ಪಟಾಲಂಗಳೂ ಇದ್ದದ್ದು ಇದಕ್ಕೆ ಕಾರಣ. ಇಂಗ್ಲೆಂಡಿಗೂ ಹ್ಯಾನೋವರಿಗೂ ಆಗ ದೊರೆ ಒಬ್ಬನೇ. ಕನ್ನಡಿಗರು ಇಲ್ಲಿ ಒಂದು ಸಂಗತಿಯನ್ನು ನೆನೆಯಬಹುದು. ಅದೇ ದೊರೆಯ ಅದೇ ಹ್ಯಾನೋವರ್ ಸೇನೆಯ ಇನ್ನೆರಡು ಪಟಾಲಂಗಳು ಈಸ್ಟ್ ಇಂಡಿಯಾ ಕಂಪನಿಯ ನೆರವಿಗೆ ಮದ್ರಾಸಿಗೆ ಬಂದಿಳಿದಿದ್ದವು. ಹೈದರಾಲಿ ತೀರಿಕೊಂಡ ಮರುವರ್ಷ, 1783ರ ಜೂನ್‌ನಲ್ಲಿ ಕಡಲೂರಿನ ಎದುರು ಫ್ರೆಂಚ್ ಜನರಲ್ ಬುಸ್ಸಿಯ ಪಡೆಗಳ ಮೇಲೆ ಅವು ಕಾದಿದವು. ಬುಸ್ಸಿ ಮೈಸೂರಿನ ಮಿತ್ರ, ಮೈಸೂರಿನ ತುಕಡಿಗಳೂ ಅವನ ಜೊತೆಗಿದ್ದವು.

1914ರ ಆಗಸ್ಟ್ ಬಂದಿತು, ಮೊದಲನೆಯ ಮಹಾಯುದ್ಧ ಶುರುವಾಯಿತು. ಬೆಲ್ಜಿಯಮ್ಮಿನ ಲಿಯೇಜ್ ಪಟ್ಟಣದ ಸುತ್ತ ಹನ್ನೆರಡು ಕೋಟೆಗಳು. ಅವುಗಳ ನಡುವಿನ ಸಂದುಗಳಲ್ಲಿ ನುಸುಳಿ ಪಟ್ಟಣವನ್ನು ಒಂದೇ ರಾತ್ರಿಯಲ್ಲಿ ಹಿಡಿಯಬೇಕೆಂದು 10ನೇ ಕೋರಿನ ದಳಪತಿ ಎಮ್ಮಿಖ್‌ನ ಕೈಗೆ ಆರು ಬ್ರಿಗೇಡುಗಳನ್ನು ಕೊಟ್ಟರು. ಶಾಂತಿಕಾಲದ ಬಲದಲ್ಲೇ, ಮೀಸಲು ಆಳುಗಳು ಬಂದು ತುಂಬುವ ಮುನ್ನವೇ ಅವು ಹೊರಟಿದ್ದವು. 38ನೆಯದು ಅದರಲ್ಲೊಂದು. ಆಗಸ್ಟ್ 5ರ ರಾತ್ರಿ ಅದು 43ನೇ ಬ್ರಿಗೇಡಿನೊಂದಿಗೆ ದಕ್ಷಿಣದಿಂದ, ಬೊಂಸೆಲ್ ಕೋಟೆಯ ಪಕ್ಕದ ಕಾಡುಗಳೊಳಗೆ ಸಾಗಿತು. ಕತ್ತಲೆ, ಗುಡುಗುಮಳೆ, ಅರಿಯದ ಕಾಡು, ಮರೆಯಲ್ಲಿ ಬೆಲ್ಜಿಯನ್ನರ ಕಂದಕಗಳು. ನೋಡದ ನೆಲದಲ್ಲಿ ಆಳುಗಳನ್ನು ನಡೆಸುವುದು ಮತ್ತೊಮ್ಮೆ ನಡೆಯಿತು. ತುಕಡಿಗಳು ಬೆರೆತವು, ತಮ್ಮವರ ಮೇಲೇ ಗುಂಡು ಹಾರಿಸಿದವರೂ ಇದ್ದರು. ಬೆಳಕು ಹರಿದ ಮೇಲೆ ಬ್ರಿಗೇಡ್ ಹಿಂದೆಗೆಯಿತು. ಕೋಟೆಗಳನ್ನು ಕೊನೆಗೆ ಮುರಿದದ್ದು ದೊಡ್ಡ ಫಿರಂಗಿಗಳು. ಕೊನೆಯ ಕೋಟೆಗಳು ಬಿದ್ದ ದಿನ ಆಗಸ್ಟ್ 16.

ಮುಂದೆ ಸಾಂಬ್ರ್ ನದಿ, ಗೀಸ್, ಮಾರ್ನ್, ಆಮೇಲೆ ಷಾಂಪಾನಿನ ಸುಣ್ಣದ ಮಣ್ಣಿನ ಕಂದಕಗಳು. ಎರ್ನ್ಸ್ಟ್ ಯುಂಗರ್ ಎಂಬ ಹತ್ತೊಂಬತ್ತರ ಹುಡುಗ 73ನೇ ರೆಜಿಮೆಂಟಿಗೆ ಬಂದು ಸೇರಿದ್ದು ಅಲ್ಲಿಯೇ. ಆ ಯುದ್ಧದ ಬಗ್ಗೆ ಅವನು ಬರೆದ ಪುಸ್ತಕ ಇಂದಿಗೂ ಓದುಗರನ್ನು ಎಳೆಯುತ್ತದೆ. 1915ರ ವಸಂತದಲ್ಲಿ ಡಿವಿಷನ್ನುಗಳನ್ನು ನಾಲ್ಕರ ಬದಲು ಮೂರು ರೆಜಿಮೆಂಟುಗಳಿಗೆ ಇಳಿಸಿದರು. ಹಾಗೆ ಬಿಡುಗಡೆಯಾದ ರೆಜಿಮೆಂಟುಗಳಿಂದ ಹೊಸ ಡಿವಿಷನ್ನುಗಳನ್ನು ಕಟ್ಟಿದರು. 73ನೇ ರೆಜಿಮೆಂಟು 111ನೇ ಡಿವಿಷನ್ನಿಗೆ ಹೋಯಿತು, 74ನೆಯದು ಹಳೆಯ ಡಿವಿಷನ್ನಿನಲ್ಲೇ ಉಳಿಯಿತು. 38ನೇ ಬ್ರಿಗೇಡಿನ ಜೋಡಿ ಮುರಿದದ್ದು ಹೀಗೆ, ರಣರಂಗದಲ್ಲಲ್ಲ, ದಫ್ತರದ ಒಂದು ಆಜ್ಞೆಯಿಂದ.

ಪ್ರಷ್ಯದ ಸೇನೆಯ ದಿನಚರಿಗಳು, ಆಜ್ಞಾಪತ್ರಗಳು, ವರದಿಗಳು ಪಾಟ್ಸ್‌ಡಾಮಿನ ಸೈನಿಕ ಪತ್ರಾಗಾರದಲ್ಲಿದ್ದವು. 1945ರ ಏಪ್ರಿಲ್ 14ರ ರಾತ್ರಿ ಬ್ರಿಟಿಷ್ ವಿಮಾನಗಳು ಆ ಪಟ್ಟಣದ ಮೇಲೆ ಬಾಂಬು ಸುರಿಸಿದಾಗ ಅವುಗಳ ಬಹುಭಾಗ ಸುಟ್ಟುಹೋಯಿತು. ಆದ್ದರಿಂದ ಮಾರ್ಸ್-ಲಾ-ತೂರ್‌ನ ಸಂಜೆಯನ್ನು ತಿಳಿಯಬಯಸುವವನು ಇಂದು ನೆಚ್ಚಬೇಕಾದದ್ದು ಅಚ್ಚಾಗಿ ಉಳಿದದ್ದನ್ನು: ಜನರಲ್ ಸ್ಟಾಫ್ ಹೊರಡಿಸಿದ ಅಧಿಕೃತ ಇತಿಹಾಸ, ರೆಜಿಮೆಂಟುಗಳ ಚರಿತ್ರೆಗಳು, ಫ್ರೆಂಚರ ವರದಿಗಳು. ಮತ್ತು ಇವುಗಳೊಂದಿಗೆ, ಇವುಗಳ ವಿರುದ್ಧವೂ ಇಟ್ಟು ಓದಬೇಕಾದ ಫ್ರಿಟ್ಸ್ ಹೋನಿಗ್‌ನ ಪುಸ್ತಕಗಳು.